ನಮ್ಮ ಕೋಳಿಗೂಡಿನ ಬಾಗಿಲು ಮತ್ತು ನಿಮ್ಮ ವಿಷದ ಉಂಡೆ

ನಮ್ಮ ಊರ ಪಂಚಾಯಿತಿಯ ಮುಖ್ಯಾಧಿಕಾರಿಗಳಿಗೆ,

'ಮಾನ್ಯರೇ' ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಹುನಗುಂದದ ತಹಶೀಲ್ದಾರ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ತಟ್ಟು ಹಾಸಿಕೊಂಡು ಕೂತು, ಬರೆಯಲು ಬಾರದವರ ಅರ್ಜಿಗಳನ್ನು ಬರೆದುಕೊಡುವವನು ನಾನು. ಯಾರ್ಯಾರಿಗೋ ಮಾನ್ಯರೇ ಎಂದಿದ್ದೇನೆ, ಮಹಾಸ್ವಾಮಿಗಳೇ ಎಂದಿದ್ದೇನೆ, ಕೊನೆಯಲ್ಲಿ ತಮ್ಮ ಪಾದಸೇವಕನೆಂದು ಬರೆದು ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿದ್ದೇನೆ. ಇವತ್ತು ಮೊದಲ ಸಲ ನನ್ನ ಸ್ವಂತದ ಸಲುವಾಗಿ ಬರೆಯಲು ಕೂತರೆ ಆ ಮಾತು ಪೆನ್ನಿನಿಂದ ನೆಟ್ಟಗೆ ಇಳಿಯಲೊಲ್ಲದು. ಆದ್ದರಿಂದ ನೇರವಾಗಿ ಹೇಳುತ್ತೇನೆ. ನೀವು ನಮ್ಮ ಕೋಳಿಗೂಡಿನ ಬಾಗಿಲನ್ನು ಕೊಂದಿರಿ. ಮುರಿದಿರಿ ಎಂದು ಬರೆಯಲು ಹೋಗಿ ಕೈತಪ್ಪಿನಿಂದ ಹೀಗೆ ಬರೆದೆನೆಂದು ತಿಳಿಯಬೇಡಿ. ಆ ಬಾಗಿಲಿಗೆ ನಾಲ್ಕು ಕಾಲಿದ್ದವು, ಬಾಲವಿತ್ತು, ಕೆಂಚ್ಯಾ ಎನ್ನುವ ಹೆಸರೂ ಇತ್ತು.

ನೀವು ತುಂಗಭದ್ರೆಯ ಆಚೆಯವರು, ಇಲ್ಲಿಗೆ ವರ್ಗವಾಗಿ ಬಂದವರು, ಜೀಪಿನಿಂದ ಇಳಿದು ನಮ್ಮ ಹಿತ್ತಲು ನೋಡಿದವರಲ್ಲ. ಹೀಗಾಗಿ ಬಿಡಿಸಿ ಹೇಳಬೇಕಾಗಿದೆ. ನಮ್ಮ ಮನೆ ಊರ ತುದಿಗಿದೆ. ಹಿತ್ತಲಿನ ಮೋಟುಗೋಡೆ ದಾಟಿದರೆ ಹಳ್ಳ, ಹಳ್ಳ ದಾಟಿದರೆ ಕಲ್ಲುಗುಡ್ಡ. ಆ ಗುಡ್ಡದ ಕೆಂಪು ಕಲ್ಲನ್ನು ಈಗ ಲಾರಿಗಳಲ್ಲಿ ಹೇರಿ ಎಲ್ಲೆಲ್ಲಿಗೋ ಕಳಿಸುತ್ತಾರೆ. ಒಡೆದು ಉಳಿದ ಚಪ್ಪಡಿ ಚೂರುಗಳನ್ನು ಕೇಳುವವರಿಲ್ಲ. ನನ್ನ ತಾಯಿ ಹುಚ್ಚವ್ವ ಅವನ್ನೇ ತಲೆಯ ಮೇಲೆ ಹೊತ್ತು ತಂದು ಜವಾರಿ ಕೋಳಿಗಳಿಗೆ ಗೂಡು ಕಟ್ಟಿದ್ದಾಳೆ. ಮೂರು ಕಡೆ ಕಲ್ಲು, ಮೇಲೆ ಕಲ್ಲು, ತಳಕ್ಕೂ ಕಲ್ಲು. ಹೆಗ್ಗಣ ಕೊರೆಯಲಾರದು, ನರಿ ಕೆರೆಯಲಾರದು. ಮುಂದುಗಡೆ ಮಾತ್ರ ಕೋಳಿ ನುಸುಳಿ ಹೋಗುವಷ್ಟು ಬಾಯಿ. ಆ ಬಾಯಿಗೆ ಕದವಿಲ್ಲ. ಕದ ಮಾಡಿಸಲು ಗತಿಯಿಲ್ಲದೆ ಬಿಟ್ಟದ್ದೆಂದು ತಿಳಿಯಬೇಡಿ, ಬೇಕೆಂದೇ ಬಿಟ್ಟದ್ದು. ನಮ್ಮ ಕಡೆಯ ಬೇಸಿಗೆಯಲ್ಲಿ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ಕತ್ತಲಾದ ಮೇಲೆ ಕಾರಲು ಶುರು ಮಾಡುತ್ತದೆ. ಬಾಯಿ ಮುಚ್ಚಿದರೆ ಒಳಗಿರುವ ಕೋಳಿ ಉಸಿರುಗಟ್ಟಿ ಸಾಯುತ್ತದೆ. ತೆರೆದಿಟ್ಟರೆ ಗುಡ್ಡದ ಕಾಡುಬೆಕ್ಕು, ಹಳ್ಳದ ಮುಂಗುಸಿ, ಎಲ್ಲಿಂದಲೋ ಬರುವ ನರಿ ಒಂದರ ಹಿಂದೆ ಒಂದು ಹಾಜರು. ಇದಕ್ಕೆ ಕುರಿಗಾರರ ದೇವರಾದ ಬೀರಪ್ಪನ ಒಕ್ಕಲಿನ ನಮ್ಮಂಥ ಮನೆಗಳಲ್ಲಿ ಮುತ್ತಜ್ಜನ ಕಾಲದಿಂದ ಇರುವ ಉಪಾಯ ಒಂದೇ. ಗೂಡಿನ ಬಾಯಿಗೆ ಅಡ್ಡಲಾಗಿ ನಾಯಿ ಮಲಗುತ್ತದೆ. ಗಾಳಿ ಒಳಗೆ ಹೋಗುತ್ತದೆ, ಬೆಕ್ಕು ಹೊರಗೇ ಉಳಿಯುತ್ತದೆ.

ಯಾವ ನಾಯಿಯಾದರೂ ನಡೆಯುತ್ತದೆಯೇ? ಕೋಳಿ ಕಂಡರೆ ಜೊಲ್ಲು ಸುರಿಸುವ ನಾಯಿಯನ್ನು ಕೋಳಿಗೂಡಿಗೆ ಕಾವಲಿಡಲು ಬರುವುದಿಲ್ಲ. ಬೇವೂರಿನಲ್ಲಿ ಕುರಿ ಕಾಯುವ ನನ್ನ ಸೋದರಮಾವ ಅಮಸಿದ್ದಪ್ಪ, ನಾಯಿಮರಿ ಕಣ್ಣು ಬಿಟ್ಟ ಕೂಡಲೇ ಅದನ್ನು ಕುರಿಮರಿಗಳ ಜೊತೆ ಒಂದೇ ಬುಟ್ಟಿಯ ಕೆಳಗೆ ಹಾಕುತ್ತಾನೆ. ಅವುಗಳ ಮೈಶಾಖದಲ್ಲಿ ಬೆಳೆದ ನಾಯಿ ಮುಂದೆ ಅವುಗಳ ಮೈಮೇಲೆ ಹಲ್ಲಿಡುವುದಿಲ್ಲ. ಅವನು ತಂದುಕೊಟ್ಟ ಕೆಂಚ್ಯಾನನ್ನು ನನ್ನ ತಾಯಿ ಕೋಳಿಪಿಳ್ಳೆಗಳ ಜೊತೆ ಬುಟ್ಟಿಯ ಕೆಳಗೆ ಹಾಕಿ ಬೆಳೆಸಿದಳು. ದೊಡ್ಡದಾದ ಮೇಲೂ ಅದರ ಬೆನ್ನೇರಿ ಪಿಳ್ಳೆಗಳು ಬಿಸಿಲು ಕಾಯಿಸುತ್ತಿದ್ದವು. ಹದ್ದಿನ ನೆರಳು ಅಂಗಳಕ್ಕೆ ಬಿದ್ದರೆ ಸಾಕು, ತಲೆಯೆತ್ತಿ ಬೊಗಳುತ್ತಿತ್ತು. ಪಕ್ಕದ ಮನೆಯ ಅಮೀನಬಿ ಅದರ ಬೊಗಳು ಕೇಳಿ ತನ್ನ ಕೋಳಿಗಳನ್ನೂ ಒಳಗೆ ಕರೆದುಕೊಳ್ಳುತ್ತಿದ್ದಳು. ನಿಮ್ಮ ಕಚೇರಿಯಲ್ಲಿ ಹೊತ್ತಿಗೆ ಸರಿಯಾಗಿ ಇಷ್ಟು ಕೆಲಸ ಮಾಡುವ ಒಬ್ಬರನ್ನು ತೋರಿಸಿದರೆ ನಾನು ಈ ಪತ್ರವನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಇನ್ನು ಬಿಲ್ಲೆಯ ಮಾತು. ಹೋದ ವರ್ಷ ದಸರೆಯ ಹೊತ್ತಿಗೆ ನೀವು ಡಂಗುರ ಸಾರಿಸಿದಿರಿ. ನಾಯಿ ಸಾಕಿದವರು ಪಂಚಾಯಿತಿಗೆ ಬಂದು ಶುಲ್ಕ ಕಟ್ಟಿ ಹಿತ್ತಾಳೆಯ ಬಿಲ್ಲೆ ಪಡೆಯಬೇಕು, ಬಿಲ್ಲೆಯಿಲ್ಲದ ನಾಯಿ ಬೀದಿನಾಯಿ. ಕಾನೂನು ಎಂದರೆ ಕಾನೂನು. ನಾನು ಮೊದಲ ದಿನವೇ ಹೋಗಿ ತಂದೆ. ದುಂಡಗಿನ ಹಿತ್ತಾಳೆ, ಮೇಲೆ ಮುದ್ರೆ, ಕೆಳಗೆ ನಂಬರು. ಮನೆಗೆ ತಂದು ತಾಯಿಯ ಕೈಗೆ ಕೊಟ್ಟೆ. ಆಕೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ನಮ್ಮ ದೇವರ ಜಗಲಿಯ ಮೇಲೆ ಬೀರಪ್ಪನ ಮೂರ್ತಿ ಕೊರೆದ ಹಿತ್ತಾಳೆಯ ತಗಡುಗಳಿವೆ, ಅಜ್ಜನ ಕಾಲದವು. ಹುಣಸೆ ಹಚ್ಚಿ ತಿಕ್ಕಿ, ತೊಳೆದು, ಅರಿಶಿನದ ಭಂಡಾರ ಹಚ್ಚಿ, ನಿಮ್ಮ ಬಿಲ್ಲೆಯನ್ನು ಆ ತಗಡುಗಳ ಸಾಲಿಗೆ ಇಟ್ಟಳು.

"ಯವ್ವಾ, ಅದು ನಾಯಿ ಕೊಳ್ಳಾಗ ಕಟ್ಟೂದು," ಎಂದೆ.

"ಕೊಳ್ಳಾಗ ಕಟ್ಟಿದ್ರ ಹಳ್ಳಾ ಕೊಳ್ಳಾ ತಿರುಗಿ ಎಲ್ಲ್ಯರ ಕಳಕೊಂಡ ಬರ್ತೈತಿ. ಸರಕಾರದ ಮುದ್ರಿ ಐತಿ ಅದರ ಮ್ಯಾಲ. ದೇವ್ರ ಹಂತ್ಯಾಕ ಇರ್ಲಿ ಬಿಡಪಾ, ಇಬ್ರೂ ಕೂಡಿ ಕಾಯ್ತಾರ," ಎಂದಳು.

ಇಬ್ಬರೂ ಎಂದರೆ ಬೀರಪ್ಪ ಮತ್ತು ನೀವು. ಮಾನ್ಯರೇ, ನಿಮ್ಮ ಬಗ್ಗೆ ಇಷ್ಟು ದೊಡ್ಡ ಮಾತನ್ನು ನಿಮ್ಮ ಮನೆಯವರೂ ಆಡಿರಲಿಕ್ಕಿಲ್ಲ. ಆವತ್ತಿನಿಂದ ದಿನಾ ಬೆಳಿಗ್ಗೆ ಬೀರಪ್ಪನಿಗೆ ಎಷ್ಟು ಭಂಡಾರವೋ ನಿಮ್ಮ ಬಿಲ್ಲೆಗೂ ಅಷ್ಟೇ. ಓಣಿಗೆಲ್ಲ ಗೊತ್ತಿರುವ ನಾಯಿ, ಹಿತ್ತಲು, ಹಳ್ಳ ಬಿಟ್ಟು ಬೀದಿಗೆ ಕಾಲಿಡದ ನಾಯಿ, ಯಾರೇನು ಮಾಡಿಯಾರು ಎಂದು ನಾನೂ ಸುಮ್ಮನಾದೆ.

ಶಿವರಾತ್ರಿ ಕಳೆದ ಮೇಲೆ ನಿಮ್ಮ ನೈರ್ಮಲ್ಯ ಸಪ್ತಾಹ ಬಂತು. ಜಿಲ್ಲೆಯಿಂದ ದೊಡ್ಡ ಸಾಹೇಬರು ಬರುವವರಿದ್ದರಂತೆ, ಊರಲ್ಲಿ ಬೀದಿನಾಯಿ ಕಾಣಬಾರದಂತೆ. ಬೀದಿನಾಯಿಗಳು ಎಲ್ಲಿರುತ್ತವೆ? ಬೀದಿಯಲ್ಲಿ. ಬಸ್‌ಸ್ಟ್ಯಾಂಡಿನ ಹಿಂದೆ ಕುರಿ ಕಡಿಯುವ ಜಾಗದಲ್ಲಿ ಅವು ಇವತ್ತಿಗೂ ಹಿಂಡು ಹಿಂಡಾಗಿವೆ, ಹೋಗಿ ಬರುವವರ ಕಾಲಿಗೆ ಬಾಯಿ ಹಾಕುತ್ತವೆ. ಅಲ್ಲಿಗೆ ಹೋಗಲು ನಿಮ್ಮವರಿಗೆ ಧೈರ್ಯವಾಗಲಿಲ್ಲ. ಅವರು ಹಳ್ಳದ ದಂಡೆ ಹಿಡಿದು ಹಿತ್ತಲುಗಳ ಹಿಂದಿನಿಂದ ನಡೆದರು. ಕೊಬ್ಬಿನಲ್ಲಿ ವಿಷ ಕಲಸಿದ ಉಂಡೆಗಳನ್ನು ಗೋಡೆಯ ಮೇಲಿಂದ ಒಳಗೆ ಒಗೆದರು. ಮನೆಯವರ ಹಿತ್ತಲಿಗೆ, ಮಕ್ಕಳು ಆಡುವ ಜಾಗಕ್ಕೆ, ಕೋಳಿ ಕೆದಕುವ ನೆಲಕ್ಕೆ! ಬಿಸಿಲು ಇನ್ನೂ ಏರಿರಲಿಲ್ಲ. ಕೆಂಚ್ಯಾ ಗೂಡಿನ ಬಾಯಲ್ಲೇ ಮಲಗಿತ್ತು. ಕಾಲ ಬುಡಕ್ಕೆ ಬಂದು ಬಿದ್ದದ್ದನ್ನು ತಿಂದಿತು.

ಮುಂದಿನದನ್ನು ಬರೆಯಲು ನನಗೆ ಹೇಸಿಗೆಯಾಗುತ್ತದೆ. ಆದರೂ ಬರೆಯುತ್ತೇನೆ, ಓದುವ ಹೇಸಿಗೆ ನಿಮ್ಮ ಪಾಲಿಗೂ ಬರಲಿ. ನಾಯಿ ಸೆಟೆದುಕೊಂಡಿತು, ಬಿತ್ತು, ಎದ್ದಿತು, ಮತ್ತೆ ಬಿತ್ತು. ತಾಯಿ ಹುಣಸೆಹಣ್ಣಿನ ನೀರು ಕಿವುಚಿ ತಂದಳು. ಅಮೀನಬಿ ಮಜ್ಜಿಗೆಯ ಗಡಿಗೆಯನ್ನೇ ಹೊತ್ತು ಓಡಿ ಬಂದು ಅದರ ದವಡೆ ಬಿಡಿಸಿ ಸುರಿದಳು. ಅದು ಕುಡಿದದ್ದನ್ನೆಲ್ಲ ಕಾರಿತು. ಕಾರಿದ್ದನ್ನು ಹಸಿದ ಕೋಳಿಗಳು ಬಂದು ಕುಕ್ಕಿದವು. ಅಟ್ಟುವುದರೊಳಗೆ ಒಂದೆರಡು ಅಲ್ಲೇ ರೆಕ್ಕೆ ಬಡಿದು ಸತ್ತವು. ಕೊನೆಯಲ್ಲಿ ಕೆಂಚ್ಯಾ ಹಿಂಗಾಲು ಎಳೆದುಕೊಂಡು ಗೂಡಿನ ಬಾಯಿಗೆ ಹೋಗಿ ತನ್ನ ಜಾಗದಲ್ಲಿ ಮಲಗಿ ಸತ್ತಿತು. ಸ್ವಲ್ಪ ಹೊತ್ತಿಗೆ ನಿಮ್ಮ ಗಾಡಿ ಬಂತು. ನಿಮ್ಮ ಸಿಪಾಯಿ ಯಂಕಪ್ಪ ಅದರ ಕಾಲಿಗೆ ಹಗ್ಗ ಹಾಕಿದ. ಈ ಯಂಕಪ್ಪ ನಮ್ಮ ಓಣಿಯವನೇ, ಆ ನಾಯಿಯ ತಲೆ ಸವರಿದವನೇ.

"ನಮ್ಮನೀ ನಾಯಿ ಅಂತ ಗೊತ್ತಿದ್ದಿಲ್ಲೇನಲೇ ನಿನಗ?" ಎಂದು ಕೂಗಿದೆ.

ಅವನು ತಲೆಯೆತ್ತಲಿಲ್ಲ. "ನಂಗ ಗೊತ್ತಿದ್ರ ಏನಾತರಿ ಅಣ್ಣಾರ? ಕೊಳ್ಳಾಗ ಬಿಲ್ಲಿ ಇರದಿದ್ರ ಅದು ಸಾಹೇಬ್ರಿಗೆ ಗೊತ್ತಿಲ್ಲದ ನಾಯಿ ನೋಡ್ರಿ," ಎಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಆಡಳಿತದ ಸಾರವನ್ನು ಅಷ್ಟು ಸರಳವಾಗಿ ಇನ್ನಾರೂ ಹೇಳಿರಲಿಲ್ಲ. ಸತ್ತ ನಾಯಿಗಳನ್ನೆಲ್ಲ ನಿಮ್ಮವರು ಎಲ್ಲಿ ಹಾಕಿದರು ಎಂಬುದನ್ನೂ ಊರು ತಿಳಿಯಲಿ. ಹೂಳಲಿಲ್ಲ, ಸುಡಲಿಲ್ಲ. ನಮ್ಮ ಹಿತ್ತಲಿನ ಹಿಂದೆ, ಹೆಂಗಸರು ಬಟ್ಟೆ ಒಗೆಯುವ ಮಡುವಿನ ಪಕ್ಕದಲ್ಲಿ ಒಗೆದು ಹೋದರು. ನೈರ್ಮಲ್ಯ ಸಪ್ತಾಹ ಮುಗಿದು, ಸಾಹೇಬರು ಹಾರ ಹಾಕಿಸಿಕೊಂಡು ಹೋದ ಎಷ್ಟೋ ದಿನದ ತನಕ ನಾವು ಮೂಗಿಗೆ ಬಟ್ಟೆ ಕಟ್ಟಿಕೊಂಡು ಊಟ ಮಾಡಿದೆವು. ಆ ನಾತಕ್ಕೆ ಗುಡ್ಡದ ನರಿಗಳು ಹಳ್ಳಕ್ಕೆ ಇಳಿದವು. ಮೊದಲು ಅಪರೂಪಕ್ಕೆ ಬರುತ್ತಿದ್ದವು, ಈಗ ದಾರಿ ರೂಢಿಯಾಗಿದೆ. ಅಂದರೆ ಕಾವಲುಗಾರನನ್ನು ಕೊಂದವರೂ ನೀವೇ, ಅವನ ಹೆಣ ಹಾಕಿ ಕಳ್ಳರನ್ನು ಊಟಕ್ಕೆ ಕರೆದವರೂ ನೀವೇ. ಈ ಜಾಣತನಕ್ಕೆ ಸರಕಾರ ಸಂಬಳ ಬೇರೆ ಕೊಡುತ್ತದೆ.

ನಾನು ನಿಮ್ಮ ಕಚೇರಿಗೆ ಬಂದೆ. ನೆನಪಿದೆಯೇ? ಇರಲಿಕ್ಕಿಲ್ಲ, ನೀವು ಚಹಾ ಕುಡಿಯುತ್ತಿದ್ದಿರಿ. ನಾಯಿ ನಮ್ಮದು, ಶುಲ್ಕ ಕಟ್ಟಿದ್ದೇವೆ ಎಂದೆ. "ಮುಧೋಳದ ಜಾತಿ ನಾಯೇನಪ್ಪ?" ಎಂದು ಕೇಳಿದಿರಿ. ಅಲ್ಲ, ಕುರಿ ಕಾಯುವ ನಾಯಿ ಎಂದೆ. ನಿಮ್ಮ ಆಸಕ್ತಿ ಅಲ್ಲಿಗೇ ತೀರಿತು. ಬಿಲ್ಲೆ ಎಲ್ಲಿ ಎಂದಿರಿ. ದೇವರ ಜಗಲಿಯ ಮೇಲಿದೆ ಎಂದೆ. ಕಚೇರಿಯೆಲ್ಲ ನಕ್ಕಿತು. "ಹಾಗಾದ್ರೆ ದೇವರಿಗೆ ಏನೂ ಆಗಿಲ್ವಲ್ಲ, ಬಿಡಪ್ಪ. ನಾವು ಬಿಲ್ಲೆ ಇರೋರಿಗೆ ವಿಷ ಹಾಕಲ್ಲ," ಎಂದಿರಿ. ಮತ್ತೆ ನಕ್ಕರು. ನನ್ನ ತಾಯಿ ತಪ್ಪು ಮಾಡಿದ್ದಾಳೆ, ಒಪ್ಪುತ್ತೇನೆ. ಸರಕಾರದ ಮುದ್ರೆಗೆ ಕಾಯುವ ಶಕ್ತಿಯಿದೆ ಎಂದು ನಂಬಿದ್ದು ಆಕೆಯ ತಪ್ಪು. ಆದರೆ ಆ ನಂಬಿಕೆಯನ್ನು ನೋಡಿ ನಗಬೇಕಾದವರು ನಾವು, ನೀವಲ್ಲ. ನಿಮ್ಮ ಮುದ್ರೆಯನ್ನು ನೋಡಿ ನೀವೇ ನಕ್ಕರೆ ಅದರಡಿ ಬದುಕುವವರು ಎಲ್ಲಿಗೆ ಹೋಗಬೇಕು?

ಎದ್ದು ಹೊರಟಾಗ ನೀವೊಂದು ಸಲಹೆಯನ್ನೂ ಕೊಟ್ಟಿರಿ. "ಗೂಡಿಗೆ ಬಾಗಿಲು ಹಾಕ್ಕೊಳ್ಳಿ. ಅಷ್ಟೂ ಗೊತ್ತಾಗಲ್ವೆ ನಿಮಗೆ?" ಆಯಿತು ಮಾನ್ಯರೇ, ಅಧಿಕಾರಿಗಳು ಹೇಳಿದ್ದನ್ನು ಮಾಡಿ ನೋಡಿದೆವು. ಸಂಜೆ ಕೋಳಿಗಳೆಲ್ಲ ಒಳಗೆ ಸೇರಿದ ಮೇಲೆ ಚಪ್ಪಡಿ ಅಡ್ಡ ಇಟ್ಟೆವು. ಬೆಳಿಗ್ಗೆ ತೆಗೆದಾಗ ಹಿಂದಿನ ಮೂಲೆಯಲ್ಲಿದ್ದ ಕೋಳಿಗಳು ಕೊಕ್ಕು ತೆರೆದುಕೊಂಡು ಸತ್ತಿದ್ದವು, ಮೈ ಮುಟ್ಟಿದರೆ ಇನ್ನೂ ಬಿಸಿ. ಕಲ್ಲು ತೆಗೆದು ಇಳಕಲ್ಲಿನಿಂದ ತಂತಿಯ ಜಾಳಿಗೆ ತಂದು ಬಡಿದೆ. ಕಾಡುಬೆಕ್ಕಿಗೆ ಒಳಗೆ ಹೋಗಲು ಬರಲಿಲ್ಲ, ನಿಜ. ಅದು ಹೊರಗೇ ಕೂತು ಜಾಳಿಗೆಯ ಕಣ್ಣಿನಲ್ಲಿ ಪಂಜ ತೂರಿಸಿತು. ಗಾಳಿಯ ಆಸೆಗೆ ಜಾಳಿಗೆಗೆ ಒತ್ತಿ ಕೂತ ಕೋಳಿಗಳನ್ನು ಹಿಡಿದು ಸಿಕ್ಕಷ್ಟು ಕಿತ್ತುಕೊಂಡು ತಿಂದಿತು. ಬೆಳಿಗ್ಗೆ ನೋಡಿದಾಗ ಕಾಲು, ರೆಕ್ಕೆ ಕಳೆದುಕೊಂಡ ಕೋಳಿಗಳು ಒಳಗೆ ಇನ್ನೂ ಜೀವಂತವಾಗಿದ್ದವು. ಅವುಗಳ ಕುತ್ತಿಗೆ ನಾನೇ ತಿರುವಬೇಕಾಯಿತು. ತಾಯಿ ಮುಖ ತಿರುಗಿಸಿ ನಿಂತಿದ್ದಳು. ಕುರ್ಚಿಯಲ್ಲಿ ಕೂತು ಕೊಡುವ ಸಲಹೆ ಹಿತ್ತಲಿಗೆ ಬಂದು ಮುಟ್ಟುವ ಹೊತ್ತಿಗೆ ಹೀಗಾಗಿರುತ್ತದೆ.

ಹಾಗಾದರೆ ಇನ್ನೊಂದು ನಾಯಿ ಸಾಕಬಾರದೇ ಎಂದು ನೀವು ಕೇಳಬಹುದು. ಸಾಕಬೇಕೆಂದೇ ಮಾವ ಅಮಸಿದ್ದಪ್ಪ ಯುಗಾದಿಗೆ ಬರುವಾಗ ಕಂಬಳಿಯಲ್ಲಿ ಸುತ್ತಿಕೊಂಡು ಮರಿಯೊಂದನ್ನು ತಂದಿದ್ದ. ಒಂದು ಸಲ ಕೆಟ್ಟದ್ದೇ ಸಾಕೆಂದು, ಮರಿಗೆ ಬಿಲ್ಲೆ ಬೇಕೆಂದು ನಾನು ಅದೇ ದಿನ ನಿಮ್ಮ ಕಚೇರಿಗೆ ಓಡಿದೆ. ನಿಮ್ಮ ಗುಮಾಸ್ತರು ಏನಂದರು ಗೊತ್ತೇ? ಒಂದು ಮನೆಗೆ ಒಂದೇ ಬಿಲ್ಲೆ. ನಮ್ಮ ಮನೆಯ ಬಿಲ್ಲೆಯ ನಾಯಿ ಅವರ ಲೆಕ್ಕದಲ್ಲಿ ಇನ್ನೂ ಬದುಕಿದೆ. ಸತ್ತಿದೆಯಲ್ಲ, ನೀವೇ ಕೊಂದಿರಲ್ಲ ಎಂದೆ. ಇಲ್ಲ, ನಾವು ಕೊಂದದ್ದು ಬಿಲ್ಲೆಯಿಲ್ಲದ ಬೀದಿನಾಯಿಯನ್ನು, ನಿಮ್ಮ ನಾಯಿಯನ್ನಲ್ಲ ಎಂದರು. ನಾನು ಇಷ್ಟು ವರ್ಷ ಬೇವಿನ ಮರದ ಕೆಳಗೆ ಕೂತು ನೂರಾರು ಜನರ ಗೋಳು ಬರೆದಿದ್ದೇನೆ, ಬದುಕಿರುವವನನ್ನು ಸತ್ತನೆಂದು ತೋರಿಸಿದ ಕಥೆಗಳನ್ನು ಕೇಳಿದ್ದೇನೆ. ಹಗ್ಗ ಹಾಕಿ ಎಳೆದುಕೊಂಡು ಹೋದ ನಾಯಿಯನ್ನು ಹೀಗೆ ಬದುಕಿಸಿಟ್ಟದ್ದನ್ನು ಕೇಳಿದ್ದು ಇದೇ ಮೊದಲು. ಮಾವ ಮರಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡ. "ಇಲ್ಲಿ ಬಿಟ್ರ ಇದನ್ನೂ ಕೊಲ್ತಾರ ಅಳಿಯಾ. ಇವ್ರಿಗಿಂತ ಅಡವ್ಯಾಗಿನ ತ್ವಾಳ ಎಷ್ಟೋ ಪಾಡು," ಎಂದು ಬೇವೂರಿನ ಬಸ್ಸು ಹತ್ತಿದ.

ಈಗ ನಮ್ಮ ಗೂಡಿನಲ್ಲಿ ಉಳಿದಿರುವುದು ಒಂದು ಕರಿ ಹೇಂಟೆ. ಕಾವಿಗೆ ಕೂತಿದೆ. ಅದರ ಕೆಳಗಿರುವ ಮೊಟ್ಟೆಗಳೇ ನನ್ನ ತಾಯಿಗೆ ಉಳಿದ ಕೋಳಿಗಳ ವಂಶ, ತವರಿನಿಂದ ಬರುವಾಗ ತಂದ ಹೇಂಟೆಯ ಮಕ್ಕಳ ಮಕ್ಕಳು. ಕಾವಿಗೆ ಕೂತದ್ದನ್ನು ಎತ್ತಿ ಮನೆಯೊಳಗೆ ತಂದಿಟ್ಟರೆ ಅದು ಮೊಟ್ಟೆ ಬಿಟ್ಟು ಏಳುತ್ತದೆ, ತಂದು ನೋಡಿ ಆಗಿದೆ. ಗೂಡಿನಲ್ಲೇ ಇರಬೇಕು, ಬಾಯಿ ತೆರೆದಿರಬೇಕು, ಬಾಯಿಗೆ ಕಾವಲಿರಬೇಕು. ಹಾಗಾದರೆ ಕಾವಲಿಗೆ ಯಾರಿದ್ದಾರೆ ಎಂದು ಕೇಳುತ್ತೀರಾ?

ನನ್ನ ತಾಯಿ ಇದ್ದಾಳೆ. ಹೊತ್ತು ಮುಳುಗುವ ಮುಂಚೆ ಕಂಬಳಿ, ಕೋಲು, ಒಂದು ತಂಬಿಗೆ ನೀರು ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ಕೆಂಚ್ಯಾ ಮಲಗುತ್ತಿದ್ದ ಜಾಗದಲ್ಲಿ, ಅದರ ಮೈಯಿಂದ ನುಣುಪಾದ ಅದೇ ನೆಲದಲ್ಲಿ, ಗೂಡಿನ ಬಾಯಿಗೆ ಬೆನ್ನು ಕೊಟ್ಟು ಕೂಡುತ್ತಾಳೆ. ಹಲ್ಲು ಬಿದ್ದ, ಮೊಣಕಾಲು ಬಾಗದ ಮುದುಕಿ. ನಾನು ಕೂಡುತ್ತೇನೆ ಎಂದರೆ ಬಿಡುವುದಿಲ್ಲ, ನನಗೆ ನಿದ್ದೆ ಹತ್ತಿದರೆ ಬೆಕ್ಕು ಬಂದರೂ ಎಚ್ಚರಾಗುವುದಿಲ್ಲವಂತೆ. ಒಳಗೆ ಬಾ ಎಂದು ಜಗಳವಾಡಿದ್ದೇನೆ. "ಮೂಕ ಪ್ರಾಣಿ ಕೂತಿತ್ತಲ್ಲೋ ಇಷ್ಟು ವರ್ಷ. ಅದಕ್ಕ ಆಗದ ತ್ರಾಸ ನನಗೇನಾಗ್ತೈತಿ?" ಎನ್ನುತ್ತಾಳೆ. ಅಮೀನಬಿ ಗೋಡೆಯ ಆಚೆಯಿಂದ, "ಹುಚ್ಚವ್ವಕ್ಕಾ, ಏನರ ಆದ್ರ ಕರಿಬೇ" ಎಂದು ಕೂಗಿ ಹೇಳಿ ಮಲಗುತ್ತಾಳೆ. ನಿಮ್ಮ ಮನೆಯಲ್ಲಿ ತಾಯಿ ಇದ್ದಾಳೆಯೇ, ಮಾನ್ಯರೇ? ಇದ್ದರೆ ಆಕೆ ಈ ಹೊತ್ತಿನಲ್ಲಿ ಎಲ್ಲಿ ಮಲಗಿರುತ್ತಾಳೆ?

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಬರೆಯುವ ಕಸುಬಿನವನಿಗೆ ಬರೆದರೆ ಏನಾಗುತ್ತದೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಆದರೆ ಮೊನ್ನೆ ನಿಮ್ಮ ಡಂಗುರದವನು ಮತ್ತೆ ಬಂದ. ಬಸವ ಜಯಂತಿ ಮುಗಿದ ಮೇಲೆ ಮತ್ತೊಮ್ಮೆ ನಾಯಿಗಳಿಗೆ ಮದ್ದು ಹಾಕುತ್ತಾರೆ, ಬಿಲ್ಲೆ ಕಟ್ಟಿಕೊಳ್ಳಿ ಎಂದು ಸಾರಿಕೊಂಡು ಹೋದ. ತಾಯಿ ಹೊಸ್ತಿಲಲ್ಲಿ ನಿಂತು ಪೂರಾ ಕೇಳಿದಳು. ಒಳಗೆ ಹೋದಳು. ಜಗಲಿಯ ಮೇಲಿನ ಸಾಲಿನಿಂದ ನಿಮ್ಮ ಬಿಲ್ಲೆಯನ್ನು ಎತ್ತಿದಳು. ಸೆರಗಿನಿಂದ ಭಂಡಾರ ಒರೆಸಿದಳು. ಕರಿ ಉಣ್ಣೆಯ ದಾರ ಪೋಣಿಸಿದಳು. ನಾಯಿಯಿಲ್ಲದ ಮನೆಯಲ್ಲಿ ಇದನ್ನು ಯಾರಿಗೆ ಕಟ್ಟುತ್ತಾಳೆ ಎಂದು ನಾನು ನೋಡುತ್ತಿದ್ದೆ.

ತನ್ನ ಕೊರಳಿಗೆ ಕಟ್ಟಿಕೊಂಡಳು.

"ಇದೇನ ಯವ್ವಾ?" ಎಂದೆ.

"ಗ್ವಾಡಿ ಆಚೀಂದ ಒಗಿಯೋರಿಗೆ ಒಳಗ ಯಾರ ಕುಂತಾರ ಅಂತ ಕಾಣಸ್ತೈತೇನಪಾ? ಅಲ್ಲಿ ಕುಂಡ್ರಾಕಿ ಈಗ ನಾನ. ಬಿಲ್ಲಿ ಇಲ್ಲದಾರ್ನ ಅವ್ರು ಬಿಡಂಗಿಲ್ಲಂತಲ್ಲ," ಎಂದಳು.

ಆಕೆ ಕುಚೋದ್ಯಕ್ಕೆ ಹೇಳಿದಳೋ, ಖರೇನೇ ಹೇಳಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮುಖದಲ್ಲಿ ನಗುವಿರಲಿಲ್ಲ. ಆವತ್ತಿನಿಂದ ಅದು ಆಕೆಯ ಕೊರಳಲ್ಲೇ ಇದೆ, ತಾಳಿ ಇದ್ದ ಜಾಗದಲ್ಲಿ. ಓಣಿಯ ಹೆಂಗಸರು ನೋಡಿ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾರೆ. ನಾನು ಬಿಚ್ಚಲು ಹೋದರೆ ಕೈ ತಳ್ಳುತ್ತಾಳೆ.

ನನಗೆ ಪರಿಹಾರ ಬೇಡ. ಸತ್ತ ಕೋಳಿಗಳ ಬೆಲೆ ಬೇಡ. ನಿಮ್ಮ ಜಾಳಿಗೆ, ನಿಮ್ಮ ಸಲಹೆ, ನಿಮ್ಮ ಇನ್ನೊಂದು ಬಿಲ್ಲೆ, ಯಾವುದೂ ಬೇಡ. ನನ್ನ ಬೇಡಿಕೆ ಇಷ್ಟೇ. ಹಿತ್ತಲುಗಳೊಳಗೆ ವಿಷ ಒಗೆಯುವುದನ್ನು ನಿಲ್ಲಿಸಿ. ಬಸವ ಜಯಂತಿಯ ಮುಂಚೆ ಒಂದು ಸಂಜೆ, ಜೀಪು ಬಿಟ್ಟು ನಡೆದುಕೊಂಡು, ನಮ್ಮ ಹಿತ್ತಲಿಗೆ ಬನ್ನಿ. ಗೂಡಿನ ಬಾಯಲ್ಲಿ ಕೂತಿರುವ ಮುದುಕಿಯ ಎದುರು ನಿಂತು, ಆ ನಾಯಿ ಬೀದಿಯದಲ್ಲ, ಅದಕ್ಕೆ ಮನೆಯಿತ್ತು ಎಂದು ನಿಮ್ಮ ಬಾಯಿಂದ ಹೇಳಿ. ಹೇಳಿದ ಮೇಲೆ ಬಾಗಿ, ಆಕೆಯ ಕೊರಳಿನಿಂದ ಆ ಬಿಲ್ಲೆಯನ್ನು ನಿಮ್ಮ ಕೈಯಾರೆ ಬಿಚ್ಚಿ. ಗಂಟು ಬಿಗಿಯಾಗಿದೆ, ಸ್ವಲ್ಪ ಹೊತ್ತು ಹಿಡಿದೀತು.

ಇಂತಿ,
ಯಾರ ಪಾದಸೇವಕನೂ ಅಲ್ಲದ,
ಬಿಲ್ಲೆ ಕಟ್ಟಿಕೊಂಡ ಹುಚ್ಚವ್ವನ ಮಗ
ಗುರಪ್ಪ, ಅರ್ಜಿ ಬರೆಯುವವ
ಏಪ್ರಿಲ್ ೧೯೮೩